ಮಕ್ಕಳನ್ನು ಕುಪ್ಪಳಿಗೆ ಕರೆದುಕೊಂಡು ಹೋಗುವುದು ಹೇಗೆ?

ಮೊದಲ ಸಲ ಮಕ್ಕಳನ್ನು ಕುವೆಂಪು ಅವರ ಊರು ಕುಪ್ಪಳಿಗೆ ಕರೆದುಕೊಂಡು ಹೋದಾಗ ಅಲ್ಲಿನ ಕವಿಶೈಲ ಗುಡ್ಡದಲ್ಲಿ ನಾವು ಇದ್ದದ್ದು 20 ನಿಮಿಷ. ಅಷ್ಟರಲ್ಲಿ ಫೋಟೊ, ಚಿಪ್ಸು, ‘ಸಾರ್, ಮುಂದೆ ಎಲ್ಲಿಗೆ?’ ತಪ್ಪು ನನ್ನದೇ. ಅವರಿಗೆ ನಾನು ಒಂದು ಪುಟವನ್ನೂ ಓದಿಸಿರಲಿಲ್ಲ.

ಹಾಗಾಗಿ ತಯಾರಿ ತಿಂಗಳ ಮೊದಲೇ ತರಗತಿಯಲ್ಲಿ ಶುರುವಾಗಲಿ. ಕುವೆಂಪು ಕಾದಂಬರಿಗಳಾದ ‘ಕಾನೂರು ಹೆಗ್ಗಡಿತಿ’ (1936), ‘ಮಲೆಗಳಲ್ಲಿ ಮದುಮಗಳು’ (1967) ಎರಡೂ ದಪ್ಪ ಪುಸ್ತಕ. ಪೂರ್ತಿ ಓದಿ ಅಂದರೆ ಯಾರೂ ಓದುವುದಿಲ್ಲ. ನಾಲ್ಕೈದು ಭಾಗ ಆರಿಸಿ, ಜೆರಾಕ್ಸ್ ಮಾಡಿಸಿ, ಗಟ್ಟಿಯಾಗಿ ಓದಿಸಿ. ‘ಮದುಮಗಳು’ ಕಾದಂಬರಿಯ ಗುತ್ತಿ ಮತ್ತು ಅವನ ನಾಯಿ ಹುಲಿಯನಿಂದ ಶುರು ಮಾಡಿದರೆ ಹಿಂದಿನ ಬೆಂಚಿನವರೂ ಕಿವಿಗೊಡುತ್ತಾರೆ.

ಸಮಯ? ಮಳೆಗಾಲ ಬೇಡವೇ ಬೇಡ. ಇಂಬಳದ (ಜಿಗಣೆ) ಕಾಟ, ದಾರಿ ಜಾರಿಕೆ. ನವೆಂಬರ್, ಡಿಸೆಂಬರ್ ಸರಿ. ಆದರೆ ಡಿಸೆಂಬರ್ 29 ಕುವೆಂಪು ಹುಟ್ಟಿದ ದಿನ, ಆವತ್ತು ಜನ ಜಾಸ್ತಿ. ಹತ್ತಿರದ ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆಯ ದಿನಗಳನ್ನೂ ತಪ್ಪಿಸಿ. ಇಲಾಖೆಯ ಅನುಮತಿ, ಪೋಷಕರ ಒಪ್ಪಿಗೆ ಪತ್ರ ಬೇಗ ಮುಗಿಸಿ. ತಿರುವಿನ ರಸ್ತೆ, ಬಸ್ಸಿನಲ್ಲಿ ನಿಂಬೆಹಣ್ಣು, ಪ್ಲಾಸ್ಟಿಕ್ ಕವರ್ ಇರಲಿ.

ಒಂದೇ ದಿನದಲ್ಲಿ ಶೃಂಗೇರಿ, ಆಗುಂಬೆ ಎಲ್ಲ ತುರುಕಬೇಡಿ. ಬಸ್ಸಲ್ಲಿ ಕೂತಿದ್ದೇ ಬಂತು ಅಂತಾಗುತ್ತದೆ.

ಶಿವಮೊಗ್ಗದಿಂದ ತೀರ್ಥಹಳ್ಳಿ ಸುಮಾರು 60 ಕಿ.ಮೀ. ಬೆಳಿಗ್ಗೆ ಮೊದಲು ಅಲ್ಲಿನ ತುಂಗೆಯ ಕಲ್ಲುಸಾರಕ್ಕೆ (ಹೊಳೆ ದಾಟುವ ಕಲ್ಲಿನ ಹಾದಿ) ಹೋಗಿ. ಹೂವಯ್ಯ, ರಾಮಯ್ಯ ಮೈಸೂರಿನಿಂದ ಊರಿಗೆ ಬರುವ ‘ಕಾನೂರು’ ಶುರುವಾಗುವುದು ಅಲ್ಲೇ. ‘ಮದುಮಗಳು’ ಕಾದಂಬರಿಯ ಕೊನೆಯಲ್ಲಿ ನಾಯಿ ಹುಲಿಯನನ್ನು ನುಂಗುವುದೂ ಇದೇ ತುಂಗೆಯ ನೆರೆ. ದಡದಲ್ಲಿ ಕೂರಿಸಿ ಎರಡೂ ಭಾಗ ಓದಿಸಿ. ಚಳಿಗಾಲದಲ್ಲಿ ಸುಮ್ನೆ ಹರಿಯುವ ಹೊಳೆ ನೋಡಿ ಒಬ್ಬ ಹುಡುಗ ಕೇಳಿದ್ದ, ‘ಇಷ್ಟು ನೀರಲ್ಲಿ ನಾಯಿ ಹೇಗೆ ಮುಳುಗತ್ತೆ ಸಾರ್?’ ಮಲೆನಾಡಿನ ಮಳೆ ಎಂದರೇನು ಅಂತ ಮಾತು ಶುರುವಾಗಿದ್ದೇ ಆಗ. ನೀರಿಗಿಳಿಯಲು ಮಾತ್ರ ಬಿಡಬೇಡಿ.

ಮಧ್ಯಾಹ್ನ ಊಟ ಮುಗಿಸಿ, ಕೊಪ್ಪದ ರಸ್ತೆ ಹಿಡಿದು ಕುಪ್ಪಳಿಗೆ. ಕವಿಮನೆ, ಅಂದರೆ ಕುವೆಂಪು ಬೆಳೆದ ಮನೆ, ಮೂರಂತಸ್ತಿನ ತೊಟ್ಟಿ ಮನೆ. ಎಲ್ಲರನ್ನೂ ಒಟ್ಟಿಗೆ ಒಳಗೆ ನುಗ್ಗಿಸಬೇಡಿ, ಹತ್ತತ್ತು ಮಂದಿ ಸಾಕು. ಒಂದೊಂದು ಗುಂಪಿಗೆ ಒಂದೊಂದು ಕೆಲಸ ಕೊಡಿ: ಜಗಲಿಯಲ್ಲಿ ಯಾರು ಕೂರುತ್ತಿದ್ದರು, ಆಳುಗಳು ಎಲ್ಲಿಯವರೆಗೆ ಬರಬಹುದಿತ್ತು, ಅಡುಗೆಮನೆಗೆ ಬೆಳಕು ಎಲ್ಲಿಂದ? ಕಾದಂಬರಿಯ ಗೌಡರ ಮನೆ, ಅದರ ಮೇಲು ಕೀಳು ಅವರಿಗೆ ಅರ್ಥವಾಗುವುದು ಹೀಗೆ. ಗಾಜಿನ ಪೆಟ್ಟಿಗೆಯಲ್ಲಿಟ್ಟ ವಸ್ತು ನೋಡಿ ಅಲ್ಲ.

ಕವಿಶೈಲವನ್ನು ಸಂಜೆಗೆ ಇಟ್ಟುಕೊಳ್ಳಿ. ಮನೆಯ ಹಿಂದಿನ ಗುಡ್ಡ, ಹತ್ತುವುದು ಕಷ್ಟವಲ್ಲ. ಕುವೆಂಪು ಸಮಾಧಿ ಅಲ್ಲೇ. ಬಂಡೆಯ ಮೇಲೆ ಸಾಹಿತಿಗಳಾದ ಬಿ.ಎಂ.ಶ್ರೀ., ಟಿ.ಎಸ್. ವೆಂಕಣ್ಣಯ್ಯ ಮತ್ತು ಕುವೆಂಪು, ಮೂವರೂ ಕೆತ್ತಿದ ತಮ್ಮ ಹೆಸರುಗಳಿವೆ. ‘ನಾವೂ ಕೆತ್ತೋಣ್ವಾ ಸಾರ್?’ ಅನ್ನುವವರು ಇದ್ದೇ ಇರುತ್ತಾರೆ, ಜೇಬಲ್ಲಿ ಕಂಪಾಸ್ ಮುಳ್ಳು ಇದೆಯಾ ನೋಡಿ.

ಪಡುವಣಕ್ಕೆ ಮುಖ ಮಾಡಿ ಕೂರಿಸಿ. ಮೊಬೈಲ್ ಚೀಲದಲ್ಲಿರಲಿ. 10 ನಿಮಿಷ ಯಾರೂ ಮಾತಾಡಬಾರದು, ಮೇಷ್ಟ್ರೂ ಸೇರಿ. ಡ್ರೈವರಣ್ಣನಿಗೂ ಮೊದಲೇ ಹೇಳಿಡಿ, ಕೆಳಗಿಂದ ಹಾರನ್ ಹೊಡೆಯಬೇಡಪ್ಪಾ ಅಂತ.