ಮಾಡು ಹಾಕಿದರೆ ಮುಗಿಯಿತೇ? ಮುಂಬೈಯಲ್ಲಿ ಪಿಕಲ್‌ಬಾಲ್ ಕೋರ್ಟ್ ಆರಿಸಿದ ಬಗೆ

ನಮ್ಮ ತಂಡದಲ್ಲಿ ಹೆಚ್ಚಿನವರು ಉಡುಪಿ, ಕುಂದಾಪುರ ಕಡೆಯವರು. ಮುಂಬೈಯ ಪಶ್ಚಿಮ ಉಪನಗರದಲ್ಲಿ ಎರಡು ಪಿಕಲ್‌ಬಾಲ್ (ಪ್ಯಾಡಲ್ ಎಂಬ ಗಟ್ಟಿ ಬ್ಯಾಟಿನಿಂದ ತೂತಿನ ಪ್ಲಾಸ್ಟಿಕ್ ಚೆಂಡನ್ನು ನೆಟ್ ದಾಟಿಸುವ ಆಟ) ಕೋರ್ಟ್ ಹಾಕಿಸುವ ಮಾತು ಬಂದಾಗ ಎಲ್ಲರದೂ ಒಂದೇ ಪ್ರಶ್ನೆ: "ಮಾಡು (ಚಾವಣಿ) ಹಾಕಿದರೆ ಮುಗಿಯಿತಲ್ಲ ಮಾರಾಯ್ರೆ?" ಮುಗಿಯುವುದಿಲ್ಲ. ಮಳೆ ಬೀಳುವುದು ಮೇಲಿನಿಂದ. ಆದರೆ ಇಲ್ಲಿ ಆಟ ಕೆಡಿಸುವ ನೀರು ನೆಲದಡಿಯಿಂದ ಬರುತ್ತದೆ, ಪಕ್ಕದಿಂದ ಎರಚಲಾಗಿ ಬರುತ್ತದೆ, ಗಾಳಿಯೊಳಗೇ ತುಂಬಿಕೊಂಡಿರುತ್ತದೆ. ಒಂದು ಕೋರ್ಟನ್ನು ತೆರೆದೇ ಬಿಟ್ಟೆವು. ಇನ್ನೊಂದಕ್ಕೆ ಮಾಡು ಹಾಕಿಸಿ ಗೋಡೆ ಕಟ್ಟಿಸಲಿಲ್ಲ. ಸುತ್ತ ಮುಚ್ಚಿದ ಹಾಲ್ ಬೇಡವೆಂದು ಬಿಟ್ಟದ್ದಕ್ಕೆ ಕಾರಣಗಳಿವೆ.

ಮೊದಲು ಜಾಗ. ಗೆರೆಯೊಳಗಿನ ಕೋರ್ಟ್ 20 ಅಡಿ ಅಗಲ, 44 ಅಡಿ ಉದ್ದ. ಬ್ಯಾಡ್ಮಿಂಟನ್ ಡಬಲ್ಸ್ ಕೋರ್ಟೂ ಇಷ್ಟೇ. ಹಾಗಾಗಿ ಬ್ಯಾಡ್ಮಿಂಟನ್ ಹಾಲ್‌ಗಳಲ್ಲಿ ಟೇಪ್ ಅಂಟಿಸಿ ಕಿಚನ್ (ನೆಟ್ಟಿನ ಹತ್ತಿರ, ಚೆಂಡು ಪುಟಿಯುವ ಮೊದಲೇ ಹೊಡೆಯಬಾರದ ಜಾಗ) ಗೆರೆ ಎಳೆದು ಬಾಡಿಗೆಗೆ ಬಿಡುತ್ತಾರೆ. ತಕರಾರು ಇರುವುದು ಬೇಸ್‌ಲೈನಿನ ಹಿಂದೆ. ಶಟಲ್ ನೆಲಕ್ಕೆ ಬಿದ್ದರೆ ಪಾಯಿಂಟ್ ಮುಗಿಯಿತು. ಇಲ್ಲಿ ಸರ್ವ್ ಆದ ಚೆಂಡನ್ನು ಪುಟಿದ ಮೇಲೆಯೇ ಹೊಡೆಯಬೇಕು, ಹಿಂದೆ ಕನಿಷ್ಠ 8 ಅಡಿ ಬೇಕು. 3–4 ಅಡಿಗೇ ಗೋಡೆ ಇದ್ದರೆ ಆಳವಾದ ಸರ್ವ್ ಬಂದಾಗ ಪ್ಯಾಡಲ್ ಗೋಡೆಗೆ ತಾಗುತ್ತದೆ, ಇಲ್ಲವೇ ಮೊಣಕೈ. ಒಟ್ಟು 30 × 60 ಅಡಿ ಕನಿಷ್ಠ, ಸಿಕ್ಕಿದರೆ 34 × 64. ನೆಟ್ ಎತ್ತರವನ್ನೂ ಅಳೆದು ನೋಡಿ: ಬದಿಯಲ್ಲಿ 36 ಇಂಚು, ನಡುವೆ 34. ಬ್ಯಾಡ್ಮಿಂಟನ್ ನೆಟ್ಟನ್ನೇ ಕೆಳಗಿಳಿಸಿ ಕಟ್ಟಿದ ಕಡೆ ನಡುವೆ ಜೋತು ಬಿದ್ದಿರುವುದೇ ಹೆಚ್ಚು.

ಇನ್ನು ಮಳೆಯ ಲೆಕ್ಕ. ಮುಂಬೈಗೆ ಮುಂಗಾರು ಬರುವ ವಾಡಿಕೆಯ ದಿನ ಜೂನ್ 11, ಹಿಂದಿರುಗುವುದು ಅಕ್ಟೋಬರ್ 8. ಸಾಂತಾಕ್ರೂಜ್‌ನಲ್ಲಿ ಜುಲೈ ಒಂದರಲ್ಲೇ 800 ಮಿಲಿಮೀಟರ್‌ಗೂ ಮೇಲೆ ಸುರಿಯುತ್ತದೆ, ಪುಣೆ ನಗರದ ಇಡೀ ವರ್ಷದ ಮಳೆಗಿಂತ ಹೆಚ್ಚು. ಆದ್ದರಿಂದ ಪುಣೆಯವರು ತೆರೆದ ಕೋರ್ಟ್ ಸಾಕೆಂದರೆ ಅದು ಅವರ ಮಟ್ಟಿಗೆ ಸರಿ. ಅದನ್ನೇ ಮುಂಬೈಗೆ, ಅದಕ್ಕಿಂತಲೂ ಹೆಚ್ಚು ಮಳೆಯ ಗೋವಾಕ್ಕೆ ಅನ್ವಯಿಸಬಾರದು.

ಖರ್ಚು, ಗಮನ ಎರಡೂ ಹೆಚ್ಚು ಬೇಕಾದದ್ದು ನೆಲಕ್ಕೆ. ಮಾಡಿನಡಿಯ ಕೋರ್ಟಿಗೆ ನೀರು ಬೀಳುವುದಿಲ್ಲವೆಂದು ನೆಲದ ಕೆಲಸದಲ್ಲಿ ಕೈ ಬಿಗಿ ಹಿಡಿಯುವುದು ಸಾಮಾನ್ಯ ತಪ್ಪು. ಮಳೆಗಾಲದಲ್ಲಿ ಮಣ್ಣಿನ ತೇವ ಆವಿಯಾಗಿ ಕಾಂಕ್ರೀಟಿನ ಮೂಲಕ ಮೇಲೇರುತ್ತದೆ. ಮೇಲೆ ಅಕ್ರಿಲಿಕ್ ಬಣ್ಣದ ಪದರ ಅಡ್ಡ ಸಿಕ್ಕಿದರೆ ಅದನ್ನು ಎಬ್ಬಿಸಿ ಗುಳ್ಳೆ ಮಾಡುತ್ತದೆ. ಗುಳ್ಳೆ ಒಡೆದಲ್ಲಿ ಚಕ್ಕೆ ಏಳುತ್ತದೆ. ಹಾಗಾಗಿ ಎರಡೂ ಕೋರ್ಟಿಗೆ ಕಾಂಕ್ರೀಟ್ ಸುರಿಯುವ ಮೊದಲು 250 ಮೈಕ್ರಾನ್ ಪಾಲಿಥೀನ್ ಹಾಳೆ ಹಾಸಿಸಿದೆವು, ಜೋಡಣೆಯಲ್ಲಿ ಒಂದರ ಮೇಲೊಂದು ಒಂದಡಿ ಬರುವಂತೆ. ಅದರ ಮೇಲೆ 5 ಇಂಚು ಕಾಂಕ್ರೀಟ್, ಬಣ್ಣಕ್ಕೆ ಮೊದಲು ಪೂರ್ತಿ 28 ದಿನ ಕ್ಯೂರಿಂಗ್ ಮತ್ತು ಒಣಗುವಿಕೆ. ಮೇಸ್ತ್ರಿಗಳ ಕೈ ಅಭ್ಯಾಸ ನೆಲವನ್ನು ಕನ್ನಡಿಯಂತೆ ಉಜ್ಜುವುದು. ಬೇಡವೆಂದು ಅಲ್ಲೇ ನಿಂತು ಹೇಳಬೇಕು: ನುಣುಪಾದ ನೆಲಕ್ಕೆ ಅಕ್ರಿಲಿಕ್ ಕಚ್ಚುವುದಿಲ್ಲ, ಹಸಿ ಇರುವಾಗಲೇ ಪೊರಕೆ ಎಳೆದಷ್ಟು ತರಿ ಇರಬೇಕು.

ಬಣ್ಣ ಹಚ್ಚುವ ಮೊದಲು ಒಂದು ಪರೀಕ್ಷೆ. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಬದಿ ಟೇಪ್ ಹಾಕಿ ನೆಲಕ್ಕೆ ಅಂಟಿಸಿ 16 ಗಂಟೆ ಬಿಡುವುದು. ತೆಗೆದಾಗ ಹಾಳೆಯ ಒಳಮೈಯಲ್ಲಿ ಹನಿ ಇದ್ದರೆ, ಅಥವಾ ಅಡಿಯ ಕಾಂಕ್ರೀಟ್ ಕಪ್ಪಾಗಿದ್ದರೆ ಕಾಯಬೇಕು. ಬಣ್ಣದ ಕೆಲಸಕ್ಕೆ ನವೆಂಬರ್‌ನಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ಬೆಳಗಿನ ಇಬ್ಬನಿ ಆರಿದ ಮೇಲೆ ಶುರು ಮಾಡುವುದು. ಮೇ ಮಧ್ಯಾಹ್ನದಲ್ಲಿ ಹಚ್ಚಿದರೆ ಎಳೆಯುವಷ್ಟರಲ್ಲೇ ಒಣಗಿ ಪಟ್ಟೆ ಪಟ್ಟೆ ಉಳಿಯುತ್ತದೆ.

ಇಳಿಜಾರು 10 ಅಡಿಗೆ 1 ಇಂಚು, ಒಂದೇ ದಿಕ್ಕಿಗೆ, ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ. ನಡುವೆ ಎತ್ತರಿಸಿ ಎರಡೂ ಕಡೆ ಇಳಿಸಿದರೆ ನೆಟ್ಟಿನ ಎತ್ತರವೇ ತಪ್ಪುತ್ತದೆ. ನೀರು ಹೊಯ್ದು ಒಂದು ಗಂಟೆ ಬಿಟ್ಟು ನೋಡಿದಾಗ ಎಲ್ಲಾದರೂ 2 ಮಿಲಿಮೀಟರ್‌ಗಿಂತ ಹೆಚ್ಚು ನಿಂತಿದ್ದರೆ ಆ ತಗ್ಗನ್ನು ಬಣ್ಣಕ್ಕೆ ಮೊದಲೇ ತುಂಬಿಸಬೇಕು. ಮಾಡಿನಡಿಯ ಕೋರ್ಟಿಗೂ ಇದೇ ಇಳಿಜಾರು ಕೊಟ್ಟೆವು. ಎರಚಲು ನೀರೂ ಎಲ್ಲಿಗಾದರೂ ಹರಿದು ಹೋಗಬೇಕಲ್ಲ.

ಎರಡು ಕೋರ್ಟೂ ಉತ್ತರ–ದಕ್ಷಿಣ. ಬೆಳಿಗ್ಗೆ, ಸಂಜೆ ಕಣ್ಣಿಗೆ ಬಿಸಿಲು ಹೊಡೆಯುವುದಿಲ್ಲ. ಪಶ್ಚಿಮದ ಕಡಲಗಾಳಿಯೂ ಅಡ್ಡಡ್ಡ ಬೀಸುತ್ತದೆ. ಚೆಂಡಿನ ತೂಕ ಹೆಚ್ಚೆಂದರೆ 26.5 ಗ್ರಾಂ, ಮೈತುಂಬ ತೂತು. ಎದುರು ಗಾಳಿಯಲ್ಲಿ ಒಂದು ಪಕ್ಕದವರ ಲಾಬ್ (ಎತ್ತರಕ್ಕೆ ಎತ್ತಿ ಹೊಡೆದ ಚೆಂಡು) ನಿಂತೇ ಬಿಡುತ್ತದೆ, ಇನ್ನೊಂದು ಪಕ್ಕದವರದು ಹಾರಿಯೇ ಹೋಗುತ್ತದೆ. ಅಡ್ಡಗಾಳಿ ಇಬ್ಬರಿಗೂ ಒಂದೇ ಕಷ್ಟ. ಮಾರ್ಚ್‌ನಿಂದ ಮೇವರೆಗೆ ತೆರೆದ ಕೋರ್ಟಿನಲ್ಲಿ ಬೆಳಿಗ್ಗೆ 6ರಿಂದ 8:30, ಆಮೇಲೆ ಸಂಜೆ ಗಾಳಿ ತಗ್ಗಿದ ನಂತರ. ಬೇಲಿಗೆ 6 ಅಡಿ ಎತ್ತರದ ಹಸಿರು ನೆಟ್ ಕಟ್ಟಿದ್ದೇವೆ. ಗಾಳಿ ತೂರಿ ಹೋಗಲು ಅಲ್ಲಲ್ಲಿ ಕಿಂಡಿ ಬಿಡದಿದ್ದರೆ ಕಂಬವೇ ವಾಲುತ್ತದೆ.

ಮಾಡಿನ ವಿಷಯ. ಅಂಚಿನಲ್ಲೂ 20 ಅಡಿ ಎತ್ತರ, ನಡುವೆ ತೊಲೆ ಅಡ್ಡ ಬಾರದಂತೆ. ತಗಡಿನ ಕೆಳಗೆ ಇನ್ಸುಲೇಶನ್, ನೆತ್ತಿಯಲ್ಲಿ ಗಾಳಿಗೆ ತಿರುಗುವ ವೆಂಟಿಲೇಟರ್. ಪಶ್ಚಿಮದ ಪಕ್ಕಕ್ಕೆ ಮಾತ್ರ ಟಾರ್ಪಾಲಿನ್ ಪರದೆ. ಊರಲ್ಲಿ ಆಟಿಗೆ (ಕರಾವಳಿಯ ಜೋರು ಮಳೆಯ ತಿಂಗಳು) ಮೊದಲು ಜಗಲಿಗೆ ತಟ್ಟಿ ಕಟ್ಟುವುದಿಲ್ಲವೇ, ಅದೇ ಉಪಾಯ. ನೆಲದಿಂದ ಎರಡು ಅಡಿ ಮೇಲಕ್ಕೇ ನಿಲ್ಲಿಸಿ, ಬಿಗಿ ಹಗ್ಗದ ಬದಲು ಎಲಾಸ್ಟಿಕ್ ಹಗ್ಗದಿಂದ ಕಟ್ಟಿಸಿದೆವು. ಬಿಗಿದು ಕಟ್ಟಿದ ಪರದೆ ಹಾಯಿಯಂತೆ ಉಬ್ಬಿ ಕಣ್ಣಿಯ ಹತ್ತಿರವೇ ಹರಿಯುತ್ತದೆ. ತಗಡಿನ ಮೇಲೆ ಜೋರು ಮಳೆ ಬಿದ್ದಾಗ ಸ್ಕೋರ್ ಕೂಗಿದ್ದು ಪಾರ್ಟ್‌ನರ್‌ಗೂ ಕೇಳಿಸುವುದಿಲ್ಲ, ಬೆರಳು ತೋರಿಸುತ್ತೇವೆ.

ಮುಚ್ಚಿದ ಹಾಲ್ ಬಿಟ್ಟದ್ದು ಸೆಕೆಗಾಗಿ. ನೆರಳು ಇದ್ದರೆ ತಂಪು ಅನ್ನುವುದು ಒಣ ಹವೆಯ ಊರಿನ ಮಾತು. ಇಲ್ಲಿ ಗಾಳಿ ಆಡದ ಕಡೆ ಬೆವರು ಆರುವುದಿಲ್ಲ, ಆರದಿದ್ದರೆ ಮೈ ತಣಿಯುವುದಿಲ್ಲ, ನೆಲಕ್ಕೆ ತೊಟ್ಟಿಕ್ಕುತ್ತದೆ. ಪಿವಿಸಿ ಮ್ಯಾಟ್ ಮೇಲೆ ನಾಲ್ಕು ಹನಿ ಬಿದ್ದರೆ ಸಾಕು, ಕಿಚನ್ ಗೆರೆಯಲ್ಲಿ ಕಾಲು ಹೋಗುತ್ತದೆ. ಎಸಿ ಇರುವ ಹಾಲ್‌ನಲ್ಲಿ ಇನ್ನೊಂದು ತೊಂದರೆ: ಎಸಿ ನಿಲ್ಲಿಸಿ ಬಾಗಿಲು ತೆರೆದಾಗ ಹೊರಗಿನ ತೇವದ ಗಾಳಿ ತಣ್ಣನೆಯ ನೆಲಕ್ಕೆ ತಾಗಿ ನೀರಾಗುತ್ತದೆ, ಕಣ್ಣಿಗೆ ಕಾಣದಷ್ಟು ತೆಳ್ಳಗೆ. ಬಾಡಿಗೆಗೆ ಹಿಡಿಯುವವರು ಟಿಶ್ಯೂ ಪೇಪರ್ ಒತ್ತಿ ನೋಡಿ, ಒದ್ದೆಯಾದರೆ ಆಡಬೇಡಿ. ಮೇಲೆ ದೊಡ್ಡ ಫ್ಯಾನ್ ಇದ್ದರೆ ಆಟದ ಹೊತ್ತಿಗೆ ನಿಧಾನಕ್ಕೆ ಇಡಿಸಿ, ಲಾಬ್ ಅದರಡಿ ಹಠಾತ್ತನೆ ಕುಸಿಯುತ್ತದೆ.

ಚೆಂಡು ಎರಡು ಬಗೆ. ಹೊರಗಿನದಕ್ಕೆ ಸಾಮಾನ್ಯವಾಗಿ 40 ಸಣ್ಣ ತೂತು, ಗಟ್ಟಿ. ಒಳಗಿನದಕ್ಕೆ 26 ದೊಡ್ಡ ತೂತು, ಮೆದು. ಗೋಡೆಯಿಲ್ಲದ ಮಾಡಿನಡಿ ನಾವು 40 ತೂತಿನದನ್ನೇ ಬಳಸುತ್ತೇವೆ. ಚಳಿಯ ದೇಶಗಳಲ್ಲಿ ಚೆಂಡು ಬಿರುಕು ಬಿಡುತ್ತದೆ. ಇಲ್ಲಿ ಬಿಸಿಗೆ ಮೆತ್ತಗಾಗಿ ಆಕಾರ ಕೆಡುತ್ತದೆ, ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಬಿಟ್ಟರಂತೂ ಬೇಗ. ನಿಯಮದ ಪ್ರಕಾರ 78 ಇಂಚಿನಿಂದ ಗ್ರಾನೈಟ್ ಮೇಲೆ ಬಿಟ್ಟರೆ 30ರಿಂದ 34 ಇಂಚು ಪುಟಿಯಬೇಕು. ಹೊಸದನ್ನೂ ಹಳೆಯದನ್ನೂ ಜೊತೆಗೇ ಬಿಟ್ಟು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ.

ಪಾಚಿಯದು ಮಳೆಗಾಲದ ವಾರದ ಕೆಲಸ. ಹತ್ತು ಪಾಲು ನೀರಿಗೆ ಒಂದು ಪಾಲು ಮನೆಬಳಕೆಯ ಬ್ಲೀಚ್, ಹತ್ತು ನಿಮಿಷ ಬಿಟ್ಟು ಮೆದು ಬ್ರಶ್ಶಿನಿಂದ ಉಜ್ಜಿ ತೊಳೆಯುವುದು. ಅದಕ್ಕೆ ಟಾಯ್ಲೆಟ್ ಕ್ಲೀನರಿನ ಆಸಿಡ್ ಸೇರಿಸಲೇಬಾರದು, ವಿಷದ ಕ್ಲೋರಿನ್ ಗಾಳಿ ಏಳುತ್ತದೆ. ಪ್ರೆಶರ್ ವಾಷರ್ ಹತ್ತಿರ ಹಿಡಿದರೆ ಪಾಚಿಯ ಜೊತೆ ಬಣ್ಣವೂ ಎದ್ದು ಬರುತ್ತದೆ. ನೀರು ತಳ್ಳಲು ರಬ್ಬರ್ ವೈಪರ್ ಸಾಕು.

ತೆರೆದ ಕೋರ್ಟಿನ ನೆಟ್ಟನ್ನು ಜೂನ್ ಮೊದಲ ವಾರವೇ ಬಿಚ್ಚಿ ಒಳಗಿಡುತ್ತೇವೆ. ಕಂಬ ಕಲಾಯಿ ಮಾಡಿದ್ದು, ಬೋಲ್ಟ್ ಸ್ಟೇನ್‌ಲೆಸ್. ಆದರೂ ನೆಟ್ ಬಿಗಿಯುವ ತಿರುಗಣೆಗೆ ಗ್ರೀಸ್ ತುಂಬಿ ಪ್ಲಾಸ್ಟಿಕ್ ಸುತ್ತದಿದ್ದರೆ ಅಕ್ಟೋಬರಿನಲ್ಲಿ ಅದನ್ನು ತಿರುಗಿಸಲು ಸುತ್ತಿಗೆಯೇ ಬೇಕು.