ಹಿನ್ನೀರು, ಬೋಟು, ನನ್ನ ಹೈಡ್ರಾಲಿಕ್ ಟ್ರೈಲರ್ ಪಾಡು

ಸಾಗರದ ಕಡೆ ಶರಾವತಿ ಹಿನ್ನೀರಲ್ಲಿ ನಂದೊಂದು ಬೋಟಿದೆ, ಅದನ್ನ ನೀರಿಗಿಳಿಸಿ ಹತ್ತಿಸೋಕೆ ಒಂದು ಹೈಡ್ರಾಲಿಕ್ ಟ್ರೈಲರ್ (ಆಯಿಲ್ ಪ್ರೆಶರಿನ ಜಾಕಲ್ಲಿ ಬೋಟನ್ನ ಎತ್ತಿ ಇಳಿಸೋ ಗಾಡಿ), ನಿಜ ಹೇಳ್ಬೇಕಂದ್ರೆ ಬೋಟಿನ ಎಂಜಿನ್ನಿಗಿಂತ ಈ ಟ್ರೈಲರ್ರೇ ಜಾಸ್ತಿ ಗೋಳು ಹೊಯ್ಕೊಂಡಿರೋದು. ನಮ್ದು ಸಿಹಿನೀರು, ಸಮುದ್ರದ ತರ ತುಕ್ಕು ಹಿಡಿಯಲ್ಲ, ಎಂತ ಮೇಂಟೆನೆನ್ಸ್ ಬೇಕು ಅಂತ ಆರಾಮಾಗಿದ್ದೆ.

ಮೊದ್ಲು ಹೋಗಿದ್ದು ಬೇರಿಂಗು. ಮನೆಯಿಂದ ಮೂವತ್ತು ಕಿಲೋಮೀಟರ್ ಎಳ್ಕೊಂಡು ಬಂದು ನಿಲ್ಸದೇ ಸೀದಾ ನೀರಿಗೆ ರಿವರ್ಸ್ ಹೊಡೀತಿದ್ದೆ. ಹಬ್ಬು, ಅಂದ್ರೆ ಚಕ್ರದ ನಡುವೆ ಬೇರಿಂಗ್ ಕೂರೋ ಭಾಗ, ಕೈ ಇಟ್ರೆ ಸುಡೋ ಹಂಗಿರತ್ತೆ, ತಣ್ಣೀರು ತಾಗಿದ ಕೂಡ್ಲೇ ಒಳಗಿನ ಗಾಳಿ ಕುಗ್ಗಿ ಸೀಲ್ (ಸಂದಿ ಮುಚ್ಚೋ ರಬ್ಬರ್ ಬಳೆ) ಸಂದಿಯಿಂದ ನೀರನ್ನ ಎಳ್ಕೊಳತ್ತೆ. ಸ್ವಲ್ಪ ದಿನಕ್ಕೆ ಎಡಗಡೆ ಚಕ್ರ ಕಿರ್ರ್ ಅನ್ನೋಕೆ ಶುರು, ಬಿಚ್ಚಿ ನೋಡಿದ್ರೆ ಗ್ರೀಸೆಲ್ಲ ಹಾಲು ಹಾಕಿದ ಕಾಪಿ ಬಣ್ಣ! ಈಗ ದಡದಲ್ಲಿ ಅರ್ಧ ಗಂಟೆ ಕೂತು ಹಬ್ಬು ಮುಟ್ಟಿ ನೋಡಿ ಆಮೇಲೇ ಇಳಿಸೋದು, ಬಂದ ಟೂರಿಸ್ಟುಗಳು ಗೊಣಗಿದ್ರೆ ಗೊಣಗ್ಲಿ. ಗ್ರೀಸು ನೀರು ತಡೆಯೋದೇ ಬೇಕು, ಅಂಗೈಲಿ ಇಟ್ಕೊಂಡು ಬೇರಿಂಗನ್ನ ಒತ್ತಿ ಒತ್ತಿ ರೋಲರ್ ಮಧ್ಯದಿಂದ ಆಚೆ ಬರೋವರ್ಗೂ ತುಂಬ್ಬೇಕು, ಮೇಲೆ ಸವರಿದ್ರೆ ದಂಡ.

ಇನ್ನು ಕೆಸರು. ಲಿಂಗನಮಕ್ಕಿ ಡ್ಯಾಮ್ 1819 ಅಡಿ, ಅಂದ್ರೆ ಪೂರ್ತಿ, ತುಂಬಿದಾಗ ನೀರು ಹತ್ರಕ್ಕೇ ಬರತ್ತೆ, ತೊಂದ್ರೆ ಇಲ್ಲ. ಬೇಸಿಗೇಲಿ ಮುಳುಗಡೆ ಜಾಗ ಎಲ್ಲ ಎದ್ದು ಕೂತಿರತ್ತಲ್ಲ, ಆಗ ಆ ಕೆಸರಲ್ಲೇ ಟ್ರೈಲರ್ ಒಯ್ಬೇಕು. ಆ ನಯ ಮಣ್ಣು ಜಾಕಿನ ರಾಡಿಗೆ ಮೆತ್ಕೊಂಡು ಹಂಗೇ ಒಳಗೆ ಹೋದ್ರೆ ಸೀಲನ್ನ ಉಪ್ಪುಕಾಗದದ ತರ ತಿನ್ನತ್ತೆ. ಅದಕ್ಕೆ ಜಾಕ್ ಇಳಿಸೋ ಮೊದ್ಲು ರಾಡನ್ನ ಒದ್ದೆ ಬಟ್ಟೇಲಿ ಒರೆಸ್ತೀನಿ, ಎರಡು ನಿಮಿಷದ ಕೆಲ್ಸ.

ಒಂದ್ಸಲ ರಾತ್ರಿ ಎತ್ತಿಟ್ಟ ಬೋಟು ಬೆಳಿಗ್ಗೆ ಒಂದು ಕಡೆ ಎರಡು ಇಂಚು ಇಳಿದಿತ್ತು. ನಾನು ಸೀಲ್ ಹೋಯ್ತು ಅಂತ ತಲೆ ಮೇಲೆ ಕೈ ಹೊತ್ತಿದ್ದೆ, ಟಿಪ್ಪರ್ ಜಾಕ್ ರಿಪೇರಿ ಮಾಡೋ ನಮ್ಮ ಮೇಸ್ತ್ರಿ "ತಡೀರಿ ಮಾರಾಯ್ರೆ, ಮೊದ್ಲು ಚೆಕ್ ವಾಲ್ವ್ ನೋಡಣ" ಅಂದ್ರು. ಎತ್ತಿದ ಜಾಕಿಂದ ಆಯಿಲ್ ವಾಪಸ್ ಹೋಗದಂಗೆ ತಡೆಯೋ ಆ ವಾಲ್ವಲ್ಲಿ ಸಾಸಿವೆ ಕಾಳಿಗಿಂತ ಸಣ್ಣ ಕಸ, ತೊಳೆದು ಹಾಕಿದ್ಮೇಲೆ ಸರಿಹೋಯ್ತು. ಅವತ್ತಿಂದ ಎತ್ತಿಟ್ಟಾಗ ಮರದ ದಿಮ್ಮಿ ಆಸರೆ ಕೊಡದೇ ಬೋಟಿನ ಕೆಳಗೆ ತಲೆ ಹಾಕಲ್ಲ. ಆಯಿಲ್ ಪೈಪಿನ ಲೀಕನ್ನ ಬೆರಳಲ್ಲಿ ಹುಡುಕೋ ಚಟ ಇದ್ರೆ ಬಿಟ್ಬಿಡಿ, ಪ್ರೆಶರಲ್ಲಿ ಬರೋ ಆಯಿಲ್ ಚರ್ಮ ತೂರಿ ಒಳಗೆ ಹೋಗತ್ತೆ, ರಟ್ಟಿನ ತುಂಡು ಹಿಡೀರಿ.

ಆಯಿಲ್ ಲೆವೆಲ್ಲು ಜಾಕ್ ಪೂರ್ತಿ ಇಳಿಸಿಯೇ ನೋಡ್ಬೇಕು. ನಾನು ಎತ್ತಿದಾಗ ನೋಡಿ ಕಮ್ಮಿ ಇದೆ ಅಂತ ತುಂಬ್ಸಿ, ಇಳಿಸಿದಾಗ ಬ್ರೀದರಿಂದ (ಟ್ಯಾಂಕಿಗೆ ಗಾಳಿ ಆಡೋ ತೂತು) ಉಕ್ಕಿ ಪ್ಯಾಂಟೆಲ್ಲ ಆಯಿಲ್. ಮಳೆಗಾಲ ಮುಗಿದ್ಮೇಲೆ ಮಜ್ಜಿಗೆ ತರ ಬೆಳ್ಳಗೆ ಕಂಡ್ರೆ ನೀರು ಸೇರಿದೆ ಅಂತ, ಟ್ಯಾಂಕ್ ಒಂದೇ ಖಾಲಿ ಮಾಡಿದ್ರೆ ಸಾಲಲ್ಲ, ಜಾಕಲ್ಲಿ ಪೈಪಲ್ಲಿ ನಿಂತಿರೋದೂ ಹೋಗ್ಬೇಕು.

ಈಗ ಜುಲೈ, ಜಾಕೆಲ್ಲ ಒಳಗೆ ಎಳ್ದು ಟ್ರೈಲರ್ ಶೆಡ್ಡಲ್ಲಿ ದಿಮ್ಮಿ ಮೇಲೆ ಕೂತಿದೆ. ಮೊನ್ನೆ ನೋಡಿದ್ರೆ ಹಿಂದಿನ ಲೈಟಿನ ವೈರು ಇಲಿ ಕಡ್ದಿದೆ, ಅದಕ್ಕಿನ್ನೂ ಕೈ ಹಾಕಿಲ್ಲ.