ಅವರದೇ ತಟ್ಟೆ, ಪಕ್ಕದವರ ಹೆಸರು

ನಾನು ಪಿಯುಸಿ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಉತ್ತರ ತಪ್ಪಾದಾಗ "ಇನ್ನೊಂದ್ಸಲ ನೋಡು" ಅನ್ನುವುದು ನಮಗೆಲ್ಲ ಬಾಯಿಪಾಠ. ಅವರು ನೋಡುತ್ತಾರೆ, "ಸರಿಯಾಗೇ ಇದೆ ಸಾರ್" ಅನ್ನುತ್ತಾರೆ. ಅದೇ ಮಕ್ಕಳಿಗೆ ಪಕ್ಕದವನ ನೋಟ್ಸು ಕೊಡಿ, ತಪ್ಪು ಹಿಡಿಯೋಕೆ ಅರ್ಧ ನಿಮಿಷ ಸಾಕು.

ಇದರ ಬಗ್ಗೆ ಮನುಷ್ಯರ ತರ್ಕವನ್ನು ಅಧ್ಯಯನ ಮಾಡುವ ಹ್ಯೂಗೊ ಮರ್ಸಿಯೆ ಮತ್ತು ಜೊತೆಗಾರರು 2016ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಓದಿದ್ದೆ. ಸಣ್ಣ ತರ್ಕದ ಪ್ರಶ್ನೆಗಳಿಗೆ ಜನರಿಂದ ಉತ್ತರ, ಕಾರಣ ಎರಡನ್ನೂ ಬರೆಸಿದರು. ಆಮೇಲೆ ಅವರ ಕಾರಣವನ್ನೇ ಬೇರೆ ಯಾರದೋ ಅಂತ ತೋರಿಸಿದರು. ಆಟ ಗೊತ್ತಾಗದವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ತಮ್ಮದೇ ವಾದವನ್ನು ತಳ್ಳಿಹಾಕಿದರು. ನಮ್ಮ ತಟ್ಟೆಯ ಹೆಗ್ಗಣ ಬಿಟ್ಟು ಪಕ್ಕದವರ ತಟ್ಟೆಯ ನೊಣ ನೋಡುತ್ತೇವೆ ಅಂತಾರಲ್ಲ, ಇಲ್ಲಿ ಅವರ ತಟ್ಟೆಯನ್ನೇ ಎತ್ತಿ ಪಕ್ಕದವರದು ಅಂತ ಇಟ್ಟಿದ್ದರು.

ನಾನೂ ಮಾಡಿ ನೋಡಿದೆ. ಮೊದಲ ಸಲ ಕೆಟ್ಟಿತು, ಎಲ್ಲರೂ ತಮ್ಮ ಅಕ್ಷರ ಗುರುತು ಹಿಡಿದರು. ಎರಡನೇ ಸಲ ಟೈಪ್ ಮಾಡಿ, ಎರಡು ವಾರ ಬಿಟ್ಟು ಕೊಟ್ಟೆ. ಪ್ರಶ್ನೆ ಇದು: ಒಂದು ಅಂಗಡಿಯಲ್ಲಿ ಬೇರೆ ಸಾಮಾನಿನ ಜೊತೆ ಮಾವಿನಹಣ್ಣೂ ಇದೆ. ಅದರಲ್ಲಿ ಒಂದೂ ಸಾವಯವ ಅಲ್ಲ. ಆ ಅಂಗಡಿಯ ಹಣ್ಣುಗಳ ಬಗ್ಗೆ ಖಚಿತವಾಗಿ ಏನು ಹೇಳಬಹುದು? ಒಬ್ಬ ಹುಡುಗ ಬರೆದಿದ್ದ: "ಬಾಳೆಹಣ್ಣು ಸಾವಯವ ಇರಬಹುದು, ಹಾಗಾಗಿ ಏನೂ ಹೇಳೋಕಾಗಲ್ಲ." ಎರಡು ವಾರದ ಮೇಲೆ ಅದೇ ಸಾಲಿನ ಕೆಳಗೆ ಅವನದೇ ಷರಾ: "ಮಾವು ಹಣ್ಣೇ ಅಲ್ವಾ? ಕೆಲವು ಹಣ್ಣು ಸಾವಯವ ಅಲ್ಲ ಅಂತಾದರೂ ಹೇಳಬಹುದಲ್ಲ. ಇವರು ಯೋಚನೆನೇ ಮಾಡಿಲ್ಲ." ಹಳೇ ಹಾಳೆ ತೋರಿಸಿದೆ. ಸ್ವಲ್ಪ ಹೊತ್ತು ಸುಮ್ನಿದ್ದು, "ಅವತ್ತು ಅರ್ಜೆಂಟಲ್ಲಿದ್ದೆ ಸಾರ್" ಅಂದ.

ನಕ್ಕೆ. ನಗಬಾರದಿತ್ತು.

ಆ ವರ್ಷದ ಕಿರುಪರೀಕ್ಷೆಗೆ ನಾನೇ ಒಂದು ಲೆಕ್ಕ ಕೊಟ್ಟಿದ್ದೆ. ಎರಡು ಮಕ್ಕಳ ಮನೆ, ಕನಿಷ್ಠ ಒಂದು ಹೆಣ್ಣು. ಎರಡೂ ಹೆಣ್ಣಾಗಿರುವ ಸಂಭವನೀಯತೆ ಎಷ್ಟು? ಉತ್ತರ ಕೀಯಲ್ಲಿ "ಇನ್ನೊಂದು ಮಗು ಗಂಡೋ ಹೆಣ್ಣೋ, ಆದ್ದರಿಂದ 1/2" ಅಂತ ಬರೆದೆ. ಒಬ್ಬಳು ಹುಡುಗಿ 1/3 ಅಂದಳು. "ಕೂತ್ಕೊಳಮ್ಮ" ಅಂದೆ. ರಾತ್ರಿ ಪೇಪರ್ ತಿದ್ದುವಾಗ ಯಾರೋ "ಇನ್ನೊಂದು ಮಗು ಗಂಡೋ ಹೆಣ್ಣೋ" ಅಂತ ಬರೆದಿದ್ದರು. ಕೆಂಪು ಪೆನ್ನಲ್ಲಿ ಗೀಟು ಹಾಕಿ, "ಹೆಣ್ಣು-ಹೆಣ್ಣು, ಹೆಣ್ಣು-ಗಂಡು, ಗಂಡು-ಹೆಣ್ಣು: ಮೂರು ಸಾಧ್ಯತೆ" ಅಂತ ಬರೆದೂಬಿಟ್ಟೆ. ಅಂಕ ಕೂಡಿಸಲು ಕೀ ತೆಗೆದಾಗಲೇ ಗೊತ್ತಾಗಿದ್ದು. ಮರುದಿನ ಕ್ಲಾಸಲ್ಲಿ ಆ ಹುಡುಗಿಯ ಕ್ಷಮೆ ಕೇಳಿದೆ.

ಈಗ ಕೀ ಬರೆದು ಒಂದು ವಾರ ಮುಟ್ಟುವುದಿಲ್ಲ. ಆಮೇಲೆ ನಮ್ಮ ಮಗಳ ಕೈಲಿ ಅದನ್ನು ಉತ್ತರಪತ್ರಿಕೆಯ ಹಾಳೆಗೆ ಕಾಪಿ ಮಾಡಿಸಿ, ಮಕ್ಕಳ ಪೇಪರಿನ ಮಧ್ಯೆ ಸೇರಿಸಿಡಲು ಹೇಳುತ್ತೇನೆ. ಎಷ್ಟೋ ಸಲ ನನ್ನದೇ ಅಂತ ಗೊತ್ತಾಗಿಬಿಡುತ್ತದೆ, ಆಗ ಪೆನ್ನು ತಾನಾಗಿ ಮೆತ್ತಗಾಗುತ್ತದೆ. ಕಳೆದ ಸಲ ಗೊತ್ತಾಗಲಿಲ್ಲ. ಒಂದು ಹಂತ ಬಿಟ್ಟಿದ್ದಕ್ಕೆ ಐದಕ್ಕೆ ಮೂರು ಕೊಟ್ಟಿದ್ದೆ.